ಜಿಲೇಬಿಯು ಕುಡಿಕೆದುರ್ಗವನ್ನು ಕಾಯ್ದ ಪ್ರಸಂಗ

ವಾಗ್ದೇವಿಯೇ, ಸಕಲಕವಿಜಿಹ್ವಾಗ್ರವಾಸಿನಿಯೇ, ರಾಜಾಧಿರಾಜರ ದಂಡಯಾತ್ರೆಗಳನ್ನೂ ಕೋಟೆಕೊತ್ತಲಗಳ ಪತನವನ್ನೂ ಹಾಡಿಸಿ ಹಾಡಿಸಿ ದಣಿದವಳೇ, ಇಂದು ಒಂದು ಗಳಿಗೆ ಈ ಬಡವನ ಲೇಖನಿಯ ಮೇಲೆ ಕುಳಿತು ವಿಶ್ರಮಿಸಿಕೋ. ನಿನಗೆ ಹೆಚ್ಚಿನ ಶ್ರಮವಿಲ್ಲ. ಆನೆಗಳಿಲ್ಲ, ಕುದುರೆಗಳಿಲ್ಲ, ಮುರಿದ ರಥಗಳನ್ನು ಎಣಿಸುವ ಕಷ್ಟವಿಲ್ಲ. ನಾನು ಹಾಡಹೊರಟ ಸಮರದ ಯೋಧರು ಮೂವರು. ಮೂವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಒಂದು ನಿಂಬೆಹಣ್ಣಿನ ತೂಕ ಬಂದೀತೋ ಇಲ್ಲವೋ. ಸಪ್ತಸಾಗರಾಧೀಶ್ವರನಾದ ವರುಣದೇವನೇ, ನೀನೂ ಕಿವಿಗೊಡು. ನಿನ್ನ ಲೆಕ್ಕಕ್ಕೆ ಸಿಗದ ಎಂಟನೆಯ ಸಾಗರವೊಂದು ಹುಬ್ಬಳ್ಳಿಯ ಒಂದು ಮನೆಯ ಪಡಸಾಲೆಯಲ್ಲಿ, ಟೀವಿಯ ಎಡಕ್ಕೆ, ಚಪ್ಪಲಿ ಸ್ಟ್ಯಾಂಡಿನ ಬಲಕ್ಕೆ, ನಾಲ್ಕಡಿ ಉದ್ದ ಒಂದೂವರೆ ಅಡಿ ಅಗಲದಲ್ಲಿ ಭೋರ್ಗರೆಯುತ್ತಿತ್ತು. ಭೋರ್ಗರೆತವೆಂದರೆ ಪಂಪಿನ ಸದ್ದು.

ಕಲಿಯುಗದ ಆ ಪಾದದಲ್ಲಿ, ಮನುಷ್ಯರು ಸಿಹಿನೀರಿಗಾಗಿ ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿಟ್ಟು ಧ್ಯಾನಸ್ಥರಾಗುತ್ತಿದ್ದ ಆ ಪುಣ್ಯಕಾಲದಲ್ಲಿ, ಮಡಿವಾಳಪ್ಪ ಹೆಬಸೂರನೆಂಬ ಮಹಾವೀರನಿದ್ದನು. ಸ್ಟೀಲು-ತಾಮ್ರ-ಹಿತ್ತಾಳೆ-ಪಾತ್ರಾವಳಿ-ವಿಕ್ರಯಧುರಂಧರನೂ, ಅರವತ್ತಕ್ಕೆ ನಾಲ್ಕೇ ವರ್ಷ ಕಡಿಮೆಯಿದ್ದವನೂ, ಕುಕ್ಕರಿನ ಸೀಟಿಯನ್ನು ಬೀದಿಯಲ್ಲಿ ಕೇಳಿಯೇ ಅದು ಎಷ್ಟು ಲೀಟರಿನದೆಂದು ಹೇಳಬಲ್ಲವನೂ ಆದ ಈ ಮಹಾಪುರುಷನು ಹುಟ್ಟಿದಾರಭ್ಯ ಸಮುದ್ರವನ್ನು ಕಂಡದ್ದು ಮೂರೇ ಸಲ, ಮೂರು ಸಲವೂ ಪಾದ ಮಾತ್ರ ನೆನೆಸಿಕೊಂಡು ಬಂದಿದ್ದನು. ಇಂಥವನು ಸೋದರಳಿಯನ ಮದುವೆಗೆಂದು ಪಣಜಿಗೆ ಹೋಗಿ, ಇಳಿದುಕೊಂಡ ಹೋಟೆಲಿನ ಹಜಾರದಲ್ಲಿ ಕಡಲಮೀನಿನ ಗಾಜಿನ ಪೆಟ್ಟಿಗೆಯೊಂದನ್ನು ಕಂಡು, ಅದರ ಮುಂದೆ ಕುಳಿತವನು ಅಕ್ಷತೆ ಬಿದ್ದದ್ದೂ ತಿಳಿಯದೆ ಊಟದ ಎರಡನೆಯ ಪಂಕ್ತಿಗೆ ಎದ್ದನು. ಎದ್ದವನು ಸಾಮಾನ್ಯನಾಗಿ ಏಳಲಿಲ್ಲ. ಪ್ರತಿಜ್ಞೆ ಮಾಡಿಯೇ ಎದ್ದನು.

"ನೀಲಾ, ಸಮುದ್ರನ ನಮ್ಮ ಮನಿಗೆ ತರ್ತೀನಿ ನೋಡು," ಎಂದನು ಹೆಂಡತಿಗೆ.

"ಮದಲ ಬಚ್ಚಲಕ್ಕ ನೀರು ತರ್ರಿ," ಎಂದಳು ನೀಲಗಂಗಾ. ಪತಿವ್ರತೆಯಾದ ಆಕೆ ಮೂವತ್ತು ವರ್ಷಗಳಲ್ಲಿ ಗಂಡನ ಇಂಥ ಪ್ರತಿಜ್ಞೆಗಳನ್ನು ಏಳೆಂಟು ಕಂಡಿದ್ದಳು. ಹಾರ್ಮೋನಿಯಂ ಕಲಿಯುವುದು ಅವುಗಳಲ್ಲೊಂದು. ಆ ಹಾರ್ಮೋನಿಯಂ ಈಗ ಅಟ್ಟದ ಮೇಲೆ ಜೋಳದ ಚೀಲಕ್ಕೆ ಒರಗಿತ್ತು.

ಆದರೆ ಈ ಬಾರಿ ವೀರನು ಹಿಂದೆಗೆಯಲಿಲ್ಲ. ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಣ್ಣದ ಮೀನು ಮಾರುತ್ತಿದ್ದ ನಜೀರ್ ಕಿತ್ತೂರನನ್ನು ಗುರುವಾಗಿ ವರಿಸಿದನು. ಗಾಜಿನ ಪೆಟ್ಟಿಗೆ ಬಂದಿತು. ಬಿಳಿ ಮರಳು, ತೂತುತೂತಾದ ಕಲ್ಲು, ಪಂಪು, ನೀಲಿ ದೀಪ, ಮೂಟೆಯಲ್ಲಿ ಕಡಲುಪ್ಪು ಬಂದವು. ಕುಡಿಯುವ ನೀರಿನ ಕ್ಯಾನು ಕ್ಯಾನುಗಳನ್ನು ಸುರಿದು, ಉಪ್ಪು ಕದಡಿ, ಅದರ ಲವಣತ್ವವನ್ನು ಗಾಜಿನ ನಳಿಗೆಯಿಂದ ಅಳೆದು, ಮಡಿವಾಳಪ್ಪನು ಇನ್ನೂರೈವತ್ತು ಲೀಟರಿನ ಮಹೋದಧಿಯನ್ನು ಸೃಜಿಸಿದನು. ಹೀಗೆ ಸೃಜಿಸಿದ ಮೇಲೆ ಗುರುವಾದ ನಜೀರನು, ನೀರು ಹದವಾಗಲು ಆರು ವಾರ ಮೀನು ಬಿಡಬಾರದೆಂದು ವಿಧಿಸಿದನು. ಆರು ವಾರ ಓಣಿಯವರೆಲ್ಲ ಬಂದು ದೀಪ ಹಚ್ಚಿದ ಖಾಲಿ ನೀರನ್ನು ನೋಡಿ, ಚಹಾ ಕುಡಿದು, "ಭಾಳ ಚಲೋ ಐತ್ರಿ" ಎಂದು ಹೇಳಿ ಹೋದರು.

ಏಳನೆಯ ವಾರದಲ್ಲಿ ಎರಡು ಮೀನುಗಳು ಬಂದವು. ಕೇಸರಿ ಮೈ, ಅದರ ಮೇಲೆ ಮೂರು ಬಿಳಿ ಪಟ್ಟೆ, ಪಟ್ಟೆಗಳಿಗೆ ಕಾಡಿಗೆ ತೀಡಿದಂಥ ಅಂಚು. ಇಂಗ್ಲಿಷಿನವರು ಇವಕ್ಕೆ ಕ್ಲೌನ್ ಫಿಶ್, ಅಂದರೆ ವಿದೂಷಕ ಮೀನು ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ಇವನ್ನು ದೂರದಿಂದ ನೋಡಿರಬೇಕು. ಒಂದು ಹೆಬ್ಬೆರಳಿನಷ್ಟು, ಇನ್ನೊಂದು ಕಿರುಬೆರಳಿನಷ್ಟು. ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲಗಂಗಾ ಕತ್ತು ಚಾಚಿ ನೋಡಿ, "ದೊಡ್ಡದು ಜಿಲೇಬಿ, ಸಣ್ಣದು ಬೂಂದಿ," ಎಂದಳು. ನಾಮಕರಣ ಮುಗಿಯಿತು. ಬಾಯಿ ಮುಕ್ಕಾದ ಒಂದು ಮೊಸರಿನ ಕುಡಿಕೆಯನ್ನು ಆಕೆ ಎಸೆಯಲು ಇಟ್ಟಿದ್ದಳು. ಮಡಿವಾಳಪ್ಪನು ಅದನ್ನು ತೊಳೆದು ನೀರೊಳಗೆ ಅಡ್ಡ ಮಲಗಿಸಿದನು. ಜಿಲೇಬಿಯು ಒಂದು ದಿನ ಅದನ್ನು ಸುತ್ತಿ ನೋಡಿ, ಮರುದಿನ ಅದರೊಳಗೆ ಸೇರಿ, ಮೂರನೆಯ ದಿನದಿಂದ ಅದರ ಬಾಯಲ್ಲಿ ನಿಂತು ಸಾಗರದ ಎಡಭಾಗವನ್ನೆಲ್ಲ ಆಳತೊಡಗಿದಳು. ಬೂಂದಿಯು ಆಕೆ ಹತ್ತಿರ ಬಂದಾಗಲೆಲ್ಲ ಒಂದು ಮಗ್ಗುಲಿಗೆ ವಾಲಿ ಮೈಯನ್ನು ಗಡಗಡ ನಡುಗಿಸುತ್ತಿದ್ದನು. ಅದು ಚಳಿಯಲ್ಲ, ಶರಣಾಗತಿ. ಆ ಶರಣಾಗತಿಯ ಬೆಲೆಯಾಗಿ ಅವನಿಗೆ ಕುಡಿಕೆಯ ಹಿಂಭಾಗದಲ್ಲಿ ಎರಡು ಅಂಗುಲ ಜಾಗ ದೊರಕಿತ್ತು. ಹೀಗೆ ಎಂಟು ತಿಂಗಳು ರಾಜ್ಯವು ಸುಭಿಕ್ಷವಾಗಿತ್ತು.

ಸುಭಿಕ್ಷವನ್ನು ಸಹಿಸಲಾರದಿರುವುದೇ ವೀರರ ಲಕ್ಷಣ. ಒಂದು ಭಾನುವಾರ ಮಡಿವಾಳಪ್ಪನಿಗೆ ಸಾಗರದ ಬಲಭಾಗವು ಬಿಕೋ ಎನ್ನುತ್ತಿರುವಂತೆ ತೋರಿತು. ಕೂಡಲೇ ನಜೀರನ ಅಂಗಡಿಗೆ ಹೋಗಿ, ಮೂಲೆಯ ಪುಟ್ಟ ಪೆಟ್ಟಿಗೆಯಲ್ಲಿ ಒಂಟಿಯಾಗಿ ಠಳಾಯಿಸುತ್ತಿದ್ದ, ಅದೇ ಕೇಸರಿಯ, ಅವೇ ಪಟ್ಟೆಗಳ, ಬೂಂದಿಗಿಂತ ದೊಡ್ಡ, ಜಿಲೇಬಿಗಿಂತ ಒಂದಿಷ್ಟು ಚಿಕ್ಕ ಮೀನೊಂದನ್ನು ತೋರಿಸಿ ಕೇಳಿದನು.

ನಜೀರನು ತಲೆಯಾಡಿಸಿದನು. "ಬ್ಯಾಡ್ರಿ ಸಾವಕಾರ್ರ. ನಿಮ್ಮಲ್ಲಿರೂವು ಜೋಡಿ ಆಗ್ಯಾವು. ಜೋಡಿ ಆದ ಮ್ಯಾಲೆ ಇವು ಮೂರನೇದ್ದನ್ನ ಸೇರಸಂಗಿಲ್ಲ."

"ಯಾಕ ಸೇರಸಂಗಿಲ್ಲ? ಎಲ್ಲಾ ಒಂದ ಜಾತಿವಲ್ಲೇನ?"

"ಒಂದ ಜಾತಿ ಅಂತನ ಹೇಳಾಕತ್ತೀನ್ರಿ. ಬ್ಯಾರೆ ಜಾತಿ ಮೀನಾದ್ರ ಇವು ಅಷ್ಟು ತಲಿ ಕೆಡಿಸ್ಕೋಳಂಗಿಲ್ಲ. ಕೇಳ್ರಿಲ್ಲೆ. ಹುಟ್ಟೂಮುಂದ ಇವೆಲ್ಲಾ ಗಂಡ. ಗುಂಪಿನ್ಯಾಗ ಯಾವುದು ದೊಡ್ಡದಾಗ್ತೈತಿ, ಅದು ಹೆಣ್ಣಾಗ್ತೈತಿ. ಆಮ್ಯಾಲೆ ಆಕಿ ಹೇಳಿದ್ದ ಮಾತು. ಈ ಮೂಲ್ಯಾಗಿಂದು ಒಬ್ಬನ ಇದ್ದು ಇದ್ದು ಸೊಕ್ಕಿನಾಂವ ಆಗ್ಯಾನ, ಆಕಿ ಮುಂದ ಬಗ್ಗಂಗಿಲ್ಲ. ಬಗ್ಗಲಿಲ್ಲಂದ್ರ ಆಕಿ ಉಳಸಂಗಿಲ್ಲ."

ಆಗ ಪಾತ್ರಾವಳಿ-ವಿಕ್ರಯಧುರಂಧರನು ಎದೆಯುಬ್ಬಿಸಿ, ಅಂಗಡಿಯ ಬಣ್ಣಬಣ್ಣದ ಮೀನುಗಳೆಲ್ಲ ಒಮ್ಮೆಗೇ ಹಿಂದೆ ಸರಿಯುವಂತೆ ಕೈಯೆತ್ತಿ, ಈ ರೀತಿ ಗರ್ಜಿಸಿದನು: "ನಜೀರಾ, ನೀ ಯಾರ ಮುಂದ ಮಾತಾಡಾಕತ್ತೀ ಗೊತ್ತೈತೇನ? ಇಪ್ಪತ್ತೊಂದು ಮಂದಿ ಇದ್ದ ಮನ್ಯಾಗ ಬೆಳದಾಂವ ನಾ. ಮೂರು ಮಂದಿ ಅಣ್ಣತಮ್ಮರು, ಮೂರು ಮಂದಿ ಸೊಸ್ತ್ಯಾರು, ಒಂದ ಒಲಿ. ಒಂದಿನ ಒಂದು ಜಗಳಿಲ್ಲ, ಒಂದು ಮಾತಿಲ್ಲ. ಹೊಂದ್ಕೊಂಡು ಹೋಗೂದು ಹೆಂಗಂತ ಈ ಮೀನಕ್ಕ ನಾ ಕಲಸ್ತೀನಿ. ಕಟ್ಟು."

ನಜೀರನು ಕಟ್ಟಿದನು. ಗಿರಾಕಿಯ ಮಾತು ಮೀರಿದ ಗುರುವಿಲ್ಲ.

ಹೊಸ ಮೀನಿಗೆ ದಾರಿಯಲ್ಲಿಯೇ ಲಾಡು ಎಂದು ಹೆಸರಾಯಿತು. ನೀರಿಗೆ ಒಗ್ಗಲೆಂದು ಪ್ಲಾಸ್ಟಿಕ್ ಚೀಲವನ್ನು ಅರ್ಧಗಂಟೆ ತೇಲಿಬಿಟ್ಟು, ಶಾಸ್ತ್ರೋಕ್ತವಾಗಿ ಲೋಟ ಲೋಟ ನೀರು ಬೆರೆಸಿ, ಮಡಿವಾಳಪ್ಪನು ಲಾಡುವನ್ನು ಸಾಗರದ ಬಲದಂಡೆಯಲ್ಲಿ ಇಳಿಯಬಿಟ್ಟನು. ಕುರ್ಚಿ ಹಾಕಿಕೊಂಡು ಕುಳಿತನು. ಲಾಡು ಒಂದು ಸುತ್ತು ಬಂದನು. ಕಲ್ಲು ನೋಡಿದನು, ಮರಳು ನೋಡಿದನು. ಆಮೇಲೆ ಎಡಕ್ಕೆ ಹೋಗಿ, ಯಾರನ್ನೂ ಕೇಳದೆ, ಕುಡಿಕೆಯೊಳಗೆ ಇಣುಕಿದನು.

ಕೇಳಿರಯ್ಯಾ ಸಭಿಕರೇ! ಮೀನಿಗೆ ಮಾತು ಬಾರದೆಂದು ವಾದಿಸುವವರು ಆ ಗಳಿಗೆಯಲ್ಲಿ ಕುಡಿಕೆದುರ್ಗದ ದ್ವಾರವನ್ನು ನೋಡಿರಲಿಲ್ಲ. ತಾಮ್ರಕಾಂತಿಶರೀರೆಯೂ ಶ್ವೇತಪಟ್ಟತ್ರಯಾಲಂಕೃತೆಯೂ ಆದ ಜಿಲೇಬೀದೇವಿಯು, ಬೆನ್ನಿನ ರೆಕ್ಕೆಯನ್ನು ಖಡ್ಗದಂತೆ ನಿಮಿರಿಸಿ, ಕತ್ತಲೆಯ ಗರ್ಭದಿಂದ ಮೆಲ್ಲಮೆಲ್ಲನೆ ಹೊರಬಂದು, ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅದರ ಅರ್ಥವಿಷ್ಟು:

"ಎಲವೋ ಪರದೇಶಿ! ಪ್ಲಾಸ್ಟಿಕ್ ಚೀಲದಿಂದ ಉದುರಿದ ಅನಾಮಧೇಯನೇ! ಈ ದುರ್ಗವು ಯಾರದೆಂದು ಬಲ್ಲೆಯಾ? ಪಂಪಿನ ಪ್ರವಾಹದಿಂದ ಎಡಗೋಡೆಯವರೆಗೆ, ಹಸಿರು ಪಾಚಿಯ ಬೆಟ್ಟದಿಂದ ಬಿಳಿ ಮರಳಿನ ಮೈದಾನದವರೆಗೆ ನಾನು ಬಿಟ್ಟ ಉಸಿರು, ನಾನು ಕೊಟ್ಟ ಅನ್ನ. ಇದೋ ನನ್ನ ಪತಿಯನ್ನು ನೋಡು. ಎಂಟು ತಿಂಗಳಿಂದ ನಡುಗುತ್ತಿದ್ದಾನೆ, ಆದ್ದರಿಂದಲೇ ಬದುಕಿದ್ದಾನೆ. ನೀನೂ ನಡುಗು, ಈಗಲೇ ನಡುಗು. ಇಲ್ಲವಾದರೆ ನಿನ್ನ ಬಾಲವನ್ನು ಎಳೆ ಎಳೆಯಾಗಿ ಬಿಡಿಸಿ ಪಂಪಿಗೆ ಉಣಿಸುತ್ತೇನೆ!"

ಲಾಡು ನಡುಗಲಿಲ್ಲ. ಅವನಿಗೆ ನಡುಗುವುದನ್ನು ಯಾರೂ ಕಲಿಸಿರಲಿಲ್ಲ.

ಮುಂದಿನದನ್ನು ವರ್ಣಿಸಲು ಶೇಷನ ಸಾವಿರ ನಾಲಗೆಗಳೂ ಸಾಲವು, ಯಾಕೆಂದರೆ ಅದು ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಕೇಸರಿಯ ಒಂದು ಗೆರೆ ಎಡದಿಂದ ಬಲಕ್ಕೆ ಹೋಯಿತು. ಇನ್ನೊಂದು ಗೆರೆ ಅದರ ಹಿಂದೆ ಹೋಯಿತು. ನೀರಿನಲ್ಲಿ ರೆಕ್ಕೆಯ ಒಂದು ಚೂರು ತೇಲಿತು. ಲಾಡು ಬಲಮೂಲೆಯಲ್ಲಿ, ಪಂಪಿನ ನಳಿಗೆಯ ಹಿಂದೆ, ತಲೆ ಮೇಲಾಗಿ ನಿಂತಿದ್ದನು.

"ಹೊಂದ್ಕೋತಾವೇನ್ರಿ?" ಎಂದು ನೀಲಗಂಗಾ ಅಡುಗೆಮನೆಯಿಂದ ಕೇಳಿದಳು.

"ಮದಲ ಮದಲ ಹಂಗ. ಪರಿಚಯ ಮಾಡ್ಕೊಳ್ಳಾಕತ್ತಾವು."

ಪರಿಚಯವು ಮೂರು ದಿನ ನಡೆಯಿತು. ಲಾಡು ಮೂಲೆ ಬಿಟ್ಟು ಒಂದು ಗೇಣು ಈಚೆ ಬಂದರೆ ಜಿಲೇಬಿ ನಾಲ್ಕಡಿ ಈಜಿ ಬಂದು ಕಚ್ಚಿ ಹೋಗುತ್ತಿದ್ದಳು. ಮೂರನೆಯ ದಿನದ ಹೊತ್ತಿಗೆ ಅವನ ಬಾಲದ ಅಂಚು ಹರಿದ ಕರವಸ್ತ್ರದಂತಾಗಿತ್ತು, ಮೇವು ಹಾಕಿದರೂ ಮೇಲೆ ಬರುತ್ತಿರಲಿಲ್ಲ. ಅಂಗಡಿಯಲ್ಲಿದ್ದರೂ ಮಡಿವಾಳಪ್ಪನ ಜೀವ ಮನೆಯಲ್ಲಿತ್ತು. ಪರಾತ ಕೇಳಿದವರಿಗೆ ಪಾತೇಲಿ ಕೊಟ್ಟನು. ಕಡೆಗೆ ನಜೀರನಿಗೆ ಫೋನು ಹಚ್ಚಿದನು.

"ಕಲ್ಲು ಜಾಗಾ ಬದಲಿ ಮಾಡ್ರಿ," ಎಂದನು ನಜೀರ. "ಯಾವುದು ಯಾರ ಜಾಗಾ ಅಂತ ಆಕಿಗೆ ತಿಳೀಬಾರ್ದು. ಇಲ್ಲಾ ಹೊರಗಿಂದ ಗಾಜಿಗೆ ಒಂದು ಕನ್ನಡಿ ಹಚ್ರಿ. ಆಕಿ ತನ್ನ ಮಾರಿ ಕೂಡ ಜಗಳಾಡ್ಕೋತ ಇರ್ತಾಳ."

ವೀರನು ಎರಡೂ ಅಸ್ತ್ರಗಳನ್ನು ಒಮ್ಮೆಗೇ ಪ್ರಯೋಗಿಸಿದನು. ಕಲ್ಲುಗಳು ಎಡದಿಂದ ಬಲಕ್ಕೆ ಹೋದವು. ಜಿಲೇಬಿಗೆ ಯಾವುದು ತನ್ನ ಜಾಗವೆಂಬುದು ನಿಜಕ್ಕೂ ತಿಳಿಯದಾಯಿತು, ಆದ್ದರಿಂದ ಪೂರ್ತಿ ಸಾಗರವೇ ತನ್ನದೆಂದು ತೀರ್ಮಾನಿಸಿದಳು. ಇನ್ನು ಕನ್ನಡಿ. ದೇವರಮನೆಯ ಪಕ್ಕದ ಮೊಳೆಯಲ್ಲಿದ್ದ ಕನ್ನಡಿಯು ಟೇಪಿನ ಸಹಾಯದಿಂದ ಗಾಜಿಗೆ ಅಂಟಿತು. ಅದರೊಳಗೆ ತನ್ನಷ್ಟೇ ಸುಂದರಿಯೂ ತನ್ನಷ್ಟೇ ಕೋಪಿಷ್ಠೆಯೂ ಆದ ಇನ್ನೊಬ್ಬಳನ್ನು ಕಂಡ ಜಿಲೇಬಿಯು ಅರ್ಧ ದಿನ ಅದರ ಮೇಲೆ ಮುಗಿಬಿದ್ದಳು. ಲಾಡು ಮೂರು ಕಾಳು ಮೇವು ತಿಂದನು. ಮಡಿವಾಳಪ್ಪನು ಮೀಸೆ ತಿರುವಿಕೊಂಡನು.

"ಯಾರ ತಗೊಂಡ್ರಿ ನನ್ನ ಕನ್ನಡಿ?" ಎಂದು ಕುಂಕುಮದ ಭರಣಿ ಹಿಡಿದು ಹೊರಬಂದ ನೀಲಗಂಗಾ, ಸಾಗರದ ಮುಂದೆ ಬಗ್ಗಿ, ಮೀನಿನ ಪ್ರತಿಬಿಂಬದ ಪಕ್ಕದಲ್ಲಿಯೇ ತನ್ನ ಹಣೆಯನ್ನು ಹುಡುಕಿ ಕುಂಕುಮವಿಟ್ಟುಕೊಂಡಳು. ಹಾಗೆ ಬಗ್ಗಿದವಳು ಬೇಗ ಏಳಲಿಲ್ಲ. "ನೋಡ್ರಿಲ್ಲೆ," ಎಂದಳು. "ಈಗ ಆಕಿ ಸುಮ್ನದಾಳ. ಬೂಂದಿ ಕಚ್ಚಾಕತ್ತಾನ."

ಹೌದು. ಎಂಟು ತಿಂಗಳು ನಡುಗಿದ ಬೂಂದಿ, ಕಿರುಬೆರಳಿನಷ್ಟಿದ್ದ ಬೂಂದಿ, ಕುಡಿಕೆಯ ಹಿಂದಿನಿಂದ ಹೊರಬಂದು, ಗಾಯಗೊಂಡ ಲಾಡುವಿನ ಹೊಟ್ಟೆಗೆ ಸಣ್ಣ ಸಣ್ಣದಾಗಿ ಕಚ್ಚಿ, ಓಡಿಹೋಗಿ ಮತ್ತೆ ಕಚ್ಚುತ್ತಿದ್ದನು. ಅವನಿಗೂ ತನಗಿಂತ ಕೆಳಗೆ ಒಬ್ಬನು ಸಿಕ್ಕಿದ್ದನು.

"ಗಂಡಸ್ರು ಮನ್ಯಾಗ ಬೈಸ್ಕೊಂಡು ಹೋಗಿ ಅಂಗಡ್ಯಾಗ ಆಳಿನ ಮ್ಯಾಲೆ ಹಾಯ್ತಾರಲ್ಲ, ಹಂಗ," ಎಂದಳು ನೀಲಗಂಗಾ.

ಮಹಾವೀರನು ಕನ್ನಡಿಯ ಟೇಪನ್ನು ಇನ್ನಷ್ಟು ಒತ್ತಿ ಅಂಟಿಸಿದನು. ಆದರೆ ಮರುದಿನ ಬೆಳಿಗ್ಗೆ ಲಾಡು ಮರಳಿನ ಮೇಲೆ ಒರಗಿ, ಕಿವಿರುಗಳನ್ನು ಪಟಪಟ ಬಡಿಯುತ್ತ ಮಲಗಿದ್ದನ್ನು ಕಂಡು ಅವನು ಗಾಜಿನ ಮುಂದೆ ಕುಕ್ಕರಿಸಿದನು. ತಾನು ತಂದ ಜೀವ. ಯಾರು ಬೇಡವೆಂದರೂ ಕೇಳದೆ ತಂದ ಜೀವ. ಕೂಡಲೇ ಸಮರಾಂಗಣಕ್ಕೆ ಸ್ವತಃ ಇಳಿಯಲು ಸಂಕಲ್ಪಿಸಿ, ಅಂಗಿಯನ್ನು ಕಳಚಿ, ಬನಿಯನ್ನಿನ ಮೇಲೆ ವಿಭೂತಿ ಉದುರುತ್ತಿರಲು, ಹಸಿರು ಬಲೆಯನ್ನು ಗದೆಯಂತೆ ಹಿಡಿದು, ಅಡುಗೆಮನೆಯ ಮಣೆಯೊಂದನ್ನು ಪೀಠವಾಗಿಟ್ಟು ಏರಿದನು.

"ರೀ, ಆ ಮಣಿ ಒಂದು ಕಾಲು ಸಡ್ಲೈತಿ," ಎಂದಳು ನೀಲಗಂಗಾ.

"ನೀ ಸುಮ್ನ ರೊಟ್ಟಿ ಬಡಿ. ಎರಡ ನಿಮಿಷದ ಕೆಲಸ ಇದು. ಮೂವತ್ತು ಕೇಜಿ ಹಂಡೆ ಒಂದ ಕೈಲೆ ಎತ್ತಿದಾಂವ ನಾ. ಇಷ್ಟಗಲ ಮೀನಕ್ಕ ಅಂಜತೀನೇನ?"

ಎಂದು ನುಡಿದು ಆ ಪಾತ್ರಾವಳಿಧುರಂಧರನು ತನ್ನ ಮದಗಜಶುಂಡಾಸದೃಶ ಬಾಹುವನ್ನು ಲವಣಾಂಬುಧಿಯಲ್ಲಿ ಅದ್ದಿದನು. ಒರಗಿದ್ದ ಲಾಡು ಬಲೆಯನ್ನು ಕಂಡು ಪ್ರಾಣಭಯದಿಂದ ಎದ್ದು ಎಡಕ್ಕೆ ನುಗ್ಗಿದನು. ಬಲೆಯು ಎಡಕ್ಕೆ ಹೋಯಿತು. ಬಲೆಯ ಹಿಂದೆ ಐದು ಬೆರಳುಗಳುಳ್ಳ ಒಂದು ಮಹಾಮತ್ಸ್ಯವು ಕುಡಿಕೆದುರ್ಗದ ದ್ವಾರಕ್ಕೇ ಬರುತ್ತಿರುವುದನ್ನು ಜಿಲೇಬೀದೇವಿ ಕಂಡಳು. ತನ್ನ ನೂರು ಪಟ್ಟು, ಸಾವಿರ ಪಟ್ಟು ದೊಡ್ಡ ಶತ್ರು! ಪಕ್ಕದಲ್ಲಿದ್ದ ಬೂಂದಿಯು ಈಗಾಗಲೇ ಕುಡಿಕೆಯ ತಳವನ್ನು ಸೇರಿದ್ದನು. ಆಕೆ ಹಿಂದೆ ನೋಡಲಿಲ್ಲ, ಎಣಿಸಲಿಲ್ಲ, ಸೈನ್ಯ ಕರೆಯಲಿಲ್ಲ. ಬಿಟ್ಟ ಬಾಣದಂತೆ ನುಗ್ಗಿ ಕಚ್ಚಿದಳು.

"ಅಯ್ಯಯ್ಯಪ್ಪೋ!"

ದಿಕ್ಕುಗಳು ಮೊಳಗಿದವು. ಪಕ್ಕದ ಮನೆಯ ನಾಯಿ ಬೊಗಳಿತು. ಸಡಿಲ ಕಾಲಿನ ಮಣೆ ತನ್ನ ಧರ್ಮವನ್ನು ಪಾಲಿಸಿತು. ಮಹಾವೀರನು ಬಲೆಸಮೇತ ನೆಲಕ್ಕೆ ಒರಗಿದನು. ಅವನ ತೋಳಿನ ಹೊಡೆತಕ್ಕೆ ಎಂಟನೆಯ ಸಾಗರವು ದಂಡೆ ಮೀರಿ ಉಕ್ಕಿ, ಒಂದು ಬಕೀಟಿನಷ್ಟು ನೀರು ಬಾಗಿಲ ಬಳಿ ಬುಟ್ಟಿಯಲ್ಲಿ ಒಣಗುತ್ತಿದ್ದ ನಲವತ್ತು ಖಡಕ್ ರೊಟ್ಟಿಗಳ ಮೇಲೆ ಸುರಿದು, ಉಳಿದದ್ದು ಪ್ಲಗ್ಗಿನ ಬೋರ್ಡಿಗೆ ಚಿಮ್ಮಿ, ಟಪ್ಪೆಂದು ಮನೆಯ ಕರೆಂಟು ಹೋಯಿತು. ಪಂಪು ನಿಂತಿತು. ಸಮುದ್ರದ ಭೋರ್ಗರೆತ ನಿಂತು ಹೋದ ಆ ನಿಶ್ಶಬ್ದದಲ್ಲಿ ಗೋಡೆ ಗಡಿಯಾರ ಮಾತ್ರ ಕೇಳುತ್ತಿತ್ತು.

ಪಂಪಿಲ್ಲದೆ ಆ ನೀರಿನಲ್ಲಿ ಉಸಿರು ಹೆಚ್ಚು ಹೊತ್ತು ಉಳಿಯುವುದಿಲ್ಲ. ಮಡಿವಾಳಪ್ಪನಿಗೆ ಅದು ಗೊತ್ತಿತ್ತು, ಆದರೆ ಅವನು ಬೆರಳು ಹಿಡಿದುಕೊಂಡು "ಕಚ್ಚೇತಿ, ಕಚ್ಚೇತಿ" ಎನ್ನುವುದರಲ್ಲಿ ಮಗ್ನನಾಗಿದ್ದನು.

ನೀಲಗಂಗಾ ಎದ್ದಳು. ಹಿಟ್ಟಿನ ಕೈ ಒರೆಸಿಕೊಂಡು, ಬಾಗಿಲ ಹಿಂದಿನ ಮೀಟರ್ ಪೆಟ್ಟಿಗೆಗೆ ಹೋಗಿ, ಒದ್ದೆಯಾದ ಬೋರ್ಡಿನ ಸ್ವಿಚ್ಚನ್ನು ಬಂದ್ ಮಾಡಿ ಕರೆಂಟು ಎತ್ತಿದಳು. ಮಲಗುವ ಕೋಣೆಯಿಂದ ಉದ್ದ ವೈರಿನ ಇನ್ನೊಂದು ಬೋರ್ಡು ತಂದು ಪಂಪು ಚುಚ್ಚಿದಳು. ನೀರು ಮತ್ತೆ ಗುಳುಗುಳು ಎಂದಿತು. ಆಮೇಲೆ ಸೊಪ್ಪು ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿಯನ್ನು ಕೈಗೆತ್ತಿಕೊಂಡಳು.

"ಕೈ ಹಾಕಬ್ಯಾಡ, ನೀಲಾ! ಆಕಿ ಬಿಡಂಗಿಲ್ಲ!"

"ನಾ ಯಾಕ ಹಾಕ್ಲಿ ಕೈ?"

ಎಂಟು ತಿಂಗಳು ರೊಟ್ಟಿ ಬಡಿಯುತ್ತ ಅಡುಗೆಮನೆಯ ಬಾಗಿಲಿಂದ ನೋಡಿದವಳು ಆಕೆ. ಮೇವಿನ ಡಬ್ಬಿ ಅಲ್ಲಾಡಿದ ಸದ್ದಿಗೆ ಜಿಲೇಬಿ ಎಡದ ಮೇಲ್ಮೂಲೆಗೆ ಬರುವಳೆಂದೂ, ಆಕೆ ಬಂದರೆ ಬೂಂದಿಯೂ ಬರುವನೆಂದೂ, ಕಾಳು ಬೀಳುವವರೆಗೆ ಇಬ್ಬರಿಗೂ ಲೋಕದ ಪರಿವೆಯಿಲ್ಲವೆಂದೂ ಆಕೆಗೆ ಗೊತ್ತಿತ್ತು. ಎಡಗೈಯಿಂದ ಡಬ್ಬಿ ಅಲ್ಲಾಡಿಸಿದಳು. ಇಬ್ಬರೂ ಬಂದರು. ಒಂದೊಂದೇ ಕಾಳು ಉದುರಿಸುತ್ತ, ಬಲಗೈಯಿಂದ ಬುಟ್ಟಿಯನ್ನು ಬಲಮೂಲೆಯಲ್ಲಿ ಅಡ್ಡಲಾಗಿ ಮುಳುಗಿಸಿ, ಸುಮ್ಮನೆ ಹಿಡಿದು ನಿಂತಳು. ಅಟ್ಟಿಸಲಿಲ್ಲ, ಅವಸರ ಮಾಡಲಿಲ್ಲ. ಓಡಿ ಓಡಿ ಸೋತು ಮತ್ತೆ ಬಲಮೂಲೆ ಸೇರಿದ್ದ ಲಾಡು ಮರೆಯೊಂದು ಕಂಡಿತೆಂದು ತಾನಾಗಿಯೇ ಬುಟ್ಟಿಯೊಳಗೆ ಸರಿದನು. ಬುಟ್ಟಿ ಎದ್ದು ನಿಂತಿತು. ಅದರ ಕಿವಿಗಳಿಗೆ ದಾರ ಕಟ್ಟಿ, ಅಂಚು ನೀರಿನ ಮೇಲಿರುವಂತೆ ಪೆಟ್ಟಿಗೆಗೆ ತೂಗುಹಾಕಿದಳು. ಜಿಲೇಬಿ ಓಡಿಬಂದು ತೂತುಗಳಿಗೆ ಮೂತಿ ಬಡಿದಳು. ಒಳಗೆ ಹೋಗಲಾಗಲಿಲ್ಲ.

ಈ ಎಲ್ಲ ಪರಾಕ್ರಮಕ್ಕೆ ಹಿಡಿದ ಕಾಲ, ಒಂದು ಹಾಲಿನ ಪಾತ್ರೆ ಕಾಯುವಷ್ಟು. ಒಂದು ಬಿರುದಿಲ್ಲ, ಒಂದು ಗರ್ಜನೆಯಿಲ್ಲ. ನಿಜ ಹೇಳಬೇಕೆಂದರೆ ಕವಿಗಳಿಗೆ ಇಂಥ ಯುದ್ಧದಿಂದ ಏನೂ ಪ್ರಯೋಜನವಿಲ್ಲ.

ಮಡಿವಾಳಪ್ಪ ಎದ್ದು ಕುರ್ಚಿಯಲ್ಲಿ ಕುಳಿತು, ತೂಗುತ್ತಿದ್ದ ಬುಟ್ಟಿಯನ್ನೇ ನೋಡಿದ. "ನಾಕು ದಿನ ಹಿಂಗ ಇರ್ಲಿ," ಎಂದ. "ಒಂದಕ್ಕೊಂದು ಮಾರಿ ನೋಡಿ ನೋಡಿ ರೂಢಿ ಆಗ್ತೈತಿ. ಹೊಂದ್ಕೋತಾವು."

ನೀಲಗಂಗಾ ನೆಲ ಒರೆಸುತ್ತಿದ್ದಳು. ಬಟ್ಟೆ ಹಿಂಡಿ, ತಲೆಯೆತ್ತದೆ ಹೇಳಿದಳು. "ನಾ ಈ ಮನಿಗೆ ಬಂದಾಗ ಇಬ್ರು ಸೊಸ್ತ್ಯಾರಿದ್ರು. ನೆನಪೈತೇನ್ರಿ?"

"ಐತಿ."

"ದೊಡ್ಡ ನೆಗೆಣ್ಣಿ ನನಗ ಒಲಿ ಮುಂದ ನಿಲ್ಲಾಕ ಬಿಡ್ತಿದ್ದಿಲ್ಲ. ನಡುವಿನಾಕಿ, ಆಕಿ ಕಡೆ ಬೈಸ್ಕೊಂಡಿದ್ದೆಲ್ಲಾ ತಂದು ನನ್ನ ಮ್ಯಾಲೆ ಹಾಕ್ತಿದ್ಲು. ನಾಕು ವರ್ಷ ನೀರೊಲಿ ಮಗ್ಗಲದಾಗ ಕುಂತು ಉಂಡೀನಿ. ನೀವು ಮಂದಿಗೆ ಹೇಳ್ಕೋತ ತಿರಗತೀರಿ, ಒಂದ ಒಲಿ, ಒಂದು ಮಾತಿಲ್ಲ ಅಂತ. ಮಾತು ಹೆಂಗ ಇರಬೇಕು? ಆಡಾಂವ್ರು ಯಾರಿದ್ರು?"

ವಾಗ್ದೇವಿಯು ಈ ಹಂತದಲ್ಲಿ ಲೇಖನಿಯಿಂದ ಇಳಿದು ಪಕ್ಕಕ್ಕೆ ನಿಂತಳು. ಸಮಾಸಗಳಿಗೆ ಇಲ್ಲಿ ಕೆಲಸವಿರಲಿಲ್ಲ.

"ನನಗ ಗೊತ್ತಿದ್ದಿಲ್ಲೇನ?" ಎಂದ ಮಡಿವಾಳಪ್ಪ.

"ಗೊತ್ತಿತ್ತು. ಹಿಂಗ ಕುರ್ಚಿ ಹಾಕ್ಕೊಂಡು ನೋಡ್ತಿದ್ರಿ. ಹೊಂದ್ಕೋತಾಳ ಅಂತಿದ್ರಿ."

"ನಾ ಏನ್ ಮಾಡಬೇಕಿತ್ತು ನೀಲಾ?"

ಆಕೆ ಒರೆಸುವ ಬಟ್ಟೆಯನ್ನು ಬಕೀಟಿನೊಳಗೆ ಹಾಕಿ ಎದ್ದು ನಿಂತಳು. "ಆ ಮೀನಕ್ಕ ಅನ್ನ ಹೋಗುವಲ್ದು. ಬ್ಯಾರೆ ಕಡೆ ಇಟ್ಟು ಬರ್ರಿ. ಅಷ್ಟ."

ಅವನು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ. ಎದ್ದು ಹೋಗಿ ಅಂಗಿ ಹಾಕಿಕೊಂಡ. ದಪ್ಪ ಪ್ಲಾಸ್ಟಿಕ್ ಚೀಲ ತಂದು ಅದೇ ಸಾಗರದ ನೀರು ತುಂಬಿದ. ಬುಟ್ಟಿಯನ್ನು ಅವಳೇ ಬಗ್ಗಿಸಿದಳು, ಚೀಲವನ್ನು ಅವನು ಹಿಡಿದ. ಲಾಡು ಜಾರಿ ಒಳಗೆ ಹೋದ. "ರೊಟ್ಟಿ ಪೂರ್ತಿ ಹೋದ್ವೇನ?" ಎಂದು ಕೇಳಿದ. "ಹೋದ್ವು," ಎಂದಳು. ಸ್ಕೂಟರಿನ ಮುಂದಿನ ಕೊಕ್ಕೆಗೆ ಚೀಲ ತೂಗುಬಿಟ್ಟು, ಪ್ರತಿ ರಸ್ತೆಯುಬ್ಬಿನ ಮುಂದೆಯೂ ಕಾಲೂರಿ ನಿಲ್ಲಿಸಿ, ಮಡಿವಾಳಪ್ಪ ಹಳೇ ಬಸ್ ನಿಲ್ದಾಣದ ಕಡೆ ಹೊರಟ. ಹಿಂದಿನಿಂದ ಆಟೋದವರು ಹಾರ್ನು ಹೊಡೆದರು. ಆತ ಒಬ್ಬರಿಗೂ ಬೈಯಲಿಲ್ಲ. ಅವನನ್ನು ಬಲ್ಲವರಿಗೆ ಇದು ಇಡೀ ಪ್ರಸಂಗದಲ್ಲಿಯೇ ಆಶ್ಚರ್ಯಕರವಾದ ಭಾಗ.

ನಜೀರನು "ನಾ ಹೇಳಿದ್ನಿಲ್ರಿ" ಎನ್ನಲಿಲ್ಲ. ಅದು ಅವನ ದೊಡ್ಡತನ, ಅಥವಾ ಮುಂದಿನ ತಿಂಗಳ ಉಪ್ಪಿನ ವ್ಯಾಪಾರ. ಲಾಡುವಿನ ಬಾಲವನ್ನು ದೀಪಕ್ಕೆ ಹಿಡಿದು ನೋಡಿ, "ಬದುಕ್ತೈತ್ರಿ. ರೆಕ್ಕಿ ಮತ್ತ ಬರ್ತಾವು. ಹೋದ ವಾರ ಒಂದು ಸಣ್ಣ ಮರಿ ಬಂದೈತಿ, ಅದರ ಕೂಡ ಬಿಡೂಣು. ಇದ ದೊಡ್ಡದು, ಆರೇಳು ತಿಂಗಳಿಗೆ ಹೆಣ್ಣಾಗ್ತೈತಿ," ಎಂದು ಮೂಲೆಯ ಪೆಟ್ಟಿಗೆಗೆ ಬಿಟ್ಟನು.

ಮಡಿವಾಳಪ್ಪನು ಬಗ್ಗಿ ನೋಡಿದನು. ಐದು ನಿಮಿಷ ಲಾಡು ತಳದಲ್ಲಿ ಉಸಿರು ತೆಗೆದುಕೊಂಡನು. ಕಡಲೆಕಾಳಿನಂಥ ಮರಿಯೊಂದು ಕುತೂಹಲದಿಂದ ಹತ್ತಿರ ಬಂದಿತು. ನಾಲ್ಕು ದಿನದಲ್ಲಿ ಮೂರೇ ಕಾಳು ತಿಂದು, ಹರಿದ ಬಾಲದಲ್ಲಿ, ಸಾವಿನ ಬಾಯಿಂದ ಈಗ ತಾನೇ ಈಚೆ ಬಂದ ಆ ಮಹಾದುಃಖಿಯು ಬೆನ್ನಿನ ರೆಕ್ಕೆಯನ್ನು ಖಡ್ಗದಂತೆ ನಿಮಿರಿಸಿ, ಮರಿಯನ್ನು ಪೆಟ್ಟಿಗೆಯ ಆ ತುದಿಯವರೆಗೆ ಅಟ್ಟಿಕೊಂಡು ಹೋದನು. ಮರಿಯು ಒಂದು ಮಗ್ಗುಲಿಗೆ ವಾಲಿ ಗಡಗಡ ನಡುಗಿತು. ಅದಕ್ಕೆ ಹುಟ್ಟಿನಿಂದಲೇ ಬರುತ್ತಿತ್ತು.

"ನೋಡ್ರಿ," ಎಂದು ನಜೀರನು ಹಿಗ್ಗಿದನು, "ಮೇವು ಹಾಕಿದ್ರ ಈಗ ತಿಂತೈತಿ."

ತಿಂದಿತು.

ಹೀಗೆ ಪರಾಜಿತನನ್ನು ಅನ್ಯರಾಜ್ಯದಲ್ಲಿ ಪಟ್ಟಕ್ಕೆ ಕೂರಿಸಿ ಹಿಂದಿರುಗುತ್ತಿದ್ದ ಮಹಾವೀರನಿಗೆ ದಾರಿಯಲ್ಲಿ ತನ್ನ ರಣಗಾಯವು ನೆನಪಾಯಿತು. ಕಡಲಿನ ಪ್ರಾಣಿ, ವಿಷವೇ ಇದ್ದೀತು, ನಂಜೇರಿದರೆ ಯಾರು ಹೊಣೆ? ಸ್ಕೂಟರು ನಿಲ್ಲಿಸಿ ಒಂದು ದವಾಖಾನೆಯನ್ನು ಹೊಕ್ಕನು. ಕೆಮ್ಮುವವರು ಆರು ಮಂದಿ, ಕಾಲು ಉಳುಕಿದವರೊಬ್ಬರು. ಅವರೆಲ್ಲ ಮುಗಿದ ಮೇಲೆ ಸುಲೋಚನಾ ಡಾಕ್ಟರರ ಮುಂದಿನ ಸ್ಟೂಲಿನಲ್ಲಿ ಕುಳಿತು, ಎದೆಯುಬ್ಬಿಸಿ, ಯುದ್ಧವೃತ್ತಾಂತವನ್ನು ಆದ್ಯಂತ ಅರುಹಿದನು. ವೃತ್ತಾಂತದಲ್ಲಿ ಜಿಲೇಬಿಯ ಹಲ್ಲುಗಳು ಸ್ವಲ್ಪ ಉದ್ದವಾಗಿದ್ದವು, ಮಣೆಯ ಪ್ರಸ್ತಾಪವಿರಲಿಲ್ಲ.

"ಎಷ್ಟು ದೊಡ್ಡದ್ರಿ ಮೀನು?" ಎಂದು ಕೇಳಿದರು ಡಾಕ್ಟರು, ಬರೆಯುತ್ತ.

ಮಡಿವಾಳಪ್ಪನು ಎರಡು ಕೈಗಳನ್ನೂ ಅಗಲಿಸಿದನು. ಡಾಕ್ಟರು ತಲೆಯೆತ್ತಿ ನೋಡಿದರು. ಕೈಗಳು ಒಂದಿಷ್ಟು ಹತ್ತಿರ ಬಂದವು, ಇನ್ನೊಂದಿಷ್ಟು ಬಂದವು, ಕಡೆಗೆ ಒಂದು ಕೈ ಕೆಳಗಿಳಿದು, ಇನ್ನೊಂದರ ಹೆಬ್ಬೆರಳು ಮಾತ್ರ ಉಳಿಯಿತು.

"ಇಷ್ಟು."

"ಹಾಂ. ಕಚ್ಚಿದ್ದೆಲ್ಲಿ?"

ಬಲಗೈ ಮೇಜಿನ ಮೇಲೆ ಬಂದಿತು. ಡಾಕ್ಟರು ಟಾರ್ಚು ಬಿಟ್ಟರು. ಕನ್ನಡಕ ಏರಿಸಿದರು, ಇಳಿಸಿದರು. ಹಿಂದೆ ಮುಂದೆ ತಿರುಗಿಸಿದರು. ನಲವತ್ತು ವರ್ಷ ಪಾತ್ರೆ ಎತ್ತಿದ ಆ ಹಸ್ತದಲ್ಲಿ ಹಳೆಯ ಗೀರುಗಳು, ದಡ್ಡುಗಳು, ಬೆಸುಗೆಯ ಕಲೆಗಳು ಎಲ್ಲವೂ ಇದ್ದವು.

"ಯಾವ ಬೆರಳ್ರಿ?"

ಮಹಾವೀರನು ನೋಡಿದನು. ತೋರುಬೆರಳನ್ನು ಒತ್ತಿದನು, ನೋವಿರಲಿಲ್ಲ. ನಡುಬೆರಳನ್ನು ಒತ್ತಿದನು. ಉಂಗುರದ ಬೆರಳನ್ನು ಒತ್ತಿದನು. ಸಂಶಯದಿಂದ ಎಡಗೈಯನ್ನೂ ಮೇಜಿನ ಮೇಲಿಟ್ಟು ಹತ್ತೂ ಬೆರಳುಗಳನ್ನು ಸಾಲಾಗಿ ಅವಲೋಕಿಸಿದನು. ಹೊರಗೆ ಯಾರೋ ಕೆಮ್ಮಿದರು. ಕಡೆಗೆ ಜೇಬಿನಿಂದ ಫೋನು ತೆಗೆದು ಮನೆಗೆ ಹಚ್ಚಿದನು.

"ನೀಲಾ, ಯಾವ ಬೆರಳಿಗೆ ಕಚ್ಚಿತ್ತು?"

"ಬಲಗೈ, ನಡುವಿನ ಬೆರಳು," ಎಂಬ ಧ್ವನಿ ದವಾಖಾನೆಗೆಲ್ಲ ಕೇಳಿಸಿತು. "ಬರೂಮುಂದ ಖಾನಾವಳ್ಯಾಗ ಹನ್ನೆರಡು ರೊಟ್ಟಿ ತಗೊಂಡು ಬರ್ರಿ. ಮೆತ್ತನವು. ಝುಣಕ ಮಾಡಿಟ್ಟೀನಿ."

ಡಾಕ್ಟರು ನಡುಬೆರಳಿಗೆ ಹತ್ತಿಯಿಂದ ಒಂದು ಹನಿ ಔಷಧ ಸವರಿದರು. ಮಹಾವೀರನು ರೊಟ್ಟಿ ತರಲು ಹೋದನು.